ಟಿ.ವಿ. ಮೇಷ್ಟ್ರು ಹುಟ್ಟಿಸಿದ ಪ್ರಶ್ನೆ ಮರುದಿನ ಎಲ್ಲಿಗೆ ಹೋಗುತ್ತದೆ?

ಗ್ರಹಣ ಬಂತೆಂದರೆ ಕನ್ನಡದ ಸುದ್ದಿ ವಾಹಿನಿಗಳಿಗೆ ಸುಗ್ಗಿ. ಎರಡು ದಿನ ಮೊದಲೇ ಸ್ಟುಡಿಯೋಗಳಲ್ಲಿ ಜ್ಯೋತಿಷಿಗಳು ಸಾಲಾಗಿ ಕೂರುತ್ತಾರೆ. ಯಾವ ರಾಶಿಗೆ ಕಂಟಕ, ಅಡುಗೆಮನೆಯ ಡಬ್ಬಿಗಳಿಗೆ ದರ್ಭೆ ಯಾವಾಗ ಹಾಕಬೇಕು, ಗರ್ಭಿಣಿಯರು ಯಾವ ಕೋಣೆಯಲ್ಲಿರಬೇಕು ಎಂಬ ಚರ್ಚೆ ಗಂಟೆಗಟ್ಟಲೆ ಸಾಗುತ್ತದೆ. 2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ ಆದಾಗಲೂ ಇದೇ ನಡೆಯಿತು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಇಂಥ ದಿನಗಳಲ್ಲಿ ವಾಹಿನಿಗಳಿಗೆ ಒಂದು ಕಾಯಂ ದೃಶ್ಯ ಸಿಗುತ್ತದೆ: ತಾಟಿನಲ್ಲಿ ನೀರು, ನೀರಿನಲ್ಲಿ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತ ಒನಕೆ, ಸುತ್ತ ಅರಿಶಿನ ಕುಂಕುಮ ಹಿಡಿದ ಹೆಂಗಸರು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ನಂಬಿಕೆ. ವರದಿಗಾರ ಅದನ್ನು ‘ವಿಸ್ಮಯ’ ಎನ್ನುತ್ತಾನೆ, ಜಾಹೀರಾತು ಬರುತ್ತದೆ.

ಇದೇ ಟಿ.ವಿ. ಒಂದು ಕಾಲದಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸವನ್ನೂ ಮಾಡಿತ್ತು. 1995ರ ಅಕ್ಟೋಬರ್ 24ರ ಬೆಳಿಗ್ಗೆ, ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ, ರಾಜಸ್ಥಾನದಿಂದ ಬಂಗಾಳದವರೆಗೆ ಹಾದುಹೋದ ಖಗ್ರಾಸ ಸೂರ್ಯಗ್ರಹಣವನ್ನು ದೂರದರ್ಶನ ನೇರವಾಗಿ ತೋರಿಸಿತು. ವಿವರಿಸಲು ಕೂತಿದ್ದವರು ಪ್ರೊ. ಯಶ್ ಪಾಲ್. ಕಾಸ್ಮಿಕ್ ಕಿರಣಗಳ ಸಂಶೋಧಕ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅಧ್ಯಕ್ಷರಾಗಿದ್ದವರು. ಚಂದ್ರನ ಅಂಚಿನಲ್ಲಿ ವಜ್ರದುಂಗುರ ಹೊಳೆದಾಗ ಅವರ ದನಿಯಲ್ಲಿದ್ದ ಸಂಭ್ರಮವನ್ನು ಆ ತಲೆಮಾರಿನವರು ಈಗಲೂ ನೆನೆಯುತ್ತಾರೆ. ಅದಕ್ಕೂ ಹದಿನೈದು ವರ್ಷ ಮೊದಲು, 1980ರ ಫೆಬ್ರವರಿ 16ರ ಗ್ರಹಣದಂದು, ದೂರದರ್ಶನ ದೆಹಲಿಯಲ್ಲಿ ಸಿನಿಮಾ ಹಾಕಿ ಜನ ಹೊರಗೆ ಬರದಂತೆ ನೋಡಿಕೊಂಡಿತ್ತು ಎಂದು ಹೇಳುವವರಿದ್ದಾರೆ. ಆ ಎರಡು ಗ್ರಹಣಗಳ ನಡುವೆ ಏನೋ ಬದಲಾಗಿತ್ತು. ಬದಲಾದದ್ದರಲ್ಲಿ ಒಂದು ಪಾಲು ಈ ಒಬ್ಬ ಮನುಷ್ಯನದು.

ಟಿ.ವಿ.ಯಲ್ಲಿ ವಿಜ್ಞಾನ ಹೇಳುವ ಒಬ್ಬರಿಂದ ಮಕ್ಕಳಿಗೆ ವಿಜ್ಞಾನದ ಹುಚ್ಚು ಹತ್ತುತ್ತದೆಯೇ? ಹತ್ತುತ್ತದೆ. ಆದರೆ ನಾವು ಅಂದುಕೊಂಡಷ್ಟು ಸುಲಭವಾಗಿ ಅಲ್ಲ, ಬರೀ ಟಿ.ವಿ.ಯಿಂದಲೂ ಅಲ್ಲ. ಈ ಮಾತಿಗೆ ದೇಶದಲ್ಲೇ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲೊಂದು ಇರುವುದು ನಮ್ಮ ರಾಯಚೂರು ಜಿಲ್ಲೆಯಲ್ಲಿ.

ಕೋಳಿ ಜಾಲರಿಯ ಆಂಟೆನಾ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಕೊಟ್ಟಿತ್ತು. ವಿಕ್ರಮ್ ಸಾರಾಭಾಯಿ ಕಂಡಿದ್ದ ಕನಸು ಅದು, ಅವರು ತೀರಿಕೊಂಡ ಮೇಲೆ ಕೈಗೂಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಟಿ.ವಿ. ಕಾರ್ಯಕ್ರಮ ಇಳಿಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಆಗ ಕೊಪ್ಪಳ ರಾಯಚೂರಿನ ಒಳಗೇ ಇತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬಳ್ಳಾರಿ ಆ ಪಟ್ಟಿಯಲ್ಲಿರಲಿಲ್ಲ. ಬೆಂಗಳೂರಿನ ಮನೆಗಳಲ್ಲಿ ಇನ್ನೂ ಟಿ.ವಿ. ಇಲ್ಲದ ಕಾಲ. ಆಗಲೇ ರಾಯಚೂರಿನ ಹಳ್ಳಿಗಳಲ್ಲಿ ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬುಟ್ಟಿಯಾಕಾರದ ಆಂಟೆನಾಗಳು ಮೇಲಕ್ಕೆ ಮುಖ ಮಾಡಿ ಕೂತಿದ್ದವು. ‘ಹಿಂದುಳಿದ ಜಿಲ್ಲೆ’ ಎಂಬ ಹಣೆಪಟ್ಟಿ ನಮಗೆ ತಂದುಕೊಟ್ಟ ಲಾಭಗಳಲ್ಲಿ ಇದೂ ಒಂದು!

ಆ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. ಅದನ್ನು ನಡೆಸಿದ್ದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ, ಅದರ ಆಗಿನ ನಿರ್ದೇಶಕರು ಇದೇ ಯಶ್ ಪಾಲ್. ಅಂದರೆ 90ರ ದಶಕದಲ್ಲಿ ಪರದೆಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಹದಿನೈದು ವರ್ಷ ಮೊದಲೇ ಅವರು ಪರದೆಯ ಹಿಂದೆ ನಿಂತು ನಮ್ಮ ಹಳ್ಳಿಯ ಮಕ್ಕಳಿಗೆ ಏನು ತೋರಿಸಬೇಕು ಎಂದು ತಲೆ ಕೆಡಿಸಿಕೊಂಡಿದ್ದರು. ಬೆಳಗಿನ ಶಾಲಾ ಪ್ರಸಾರ ನಾಲ್ಕು ಭಾಷೆಗಳಲ್ಲಿ ಹಂಚಿಹೋಗುತ್ತಿತ್ತು. ಕನ್ನಡದ ಪಾಲಿಗೆ ಬರುತ್ತಿದ್ದದ್ದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಈಗಿನ ಮಗುವೊಂದು ಊಟಕ್ಕೆ ಕೂತಾಗ ಮೊಬೈಲಿನಲ್ಲಿ ಇದಕ್ಕಿಂತ ಹೆಚ್ಚು ನೋಡಿ ಮುಗಿಸುತ್ತದೆ.

ಆದರೆ ಆ ಇಪ್ಪತ್ತೆರಡೂವರೆ ನಿಮಿಷದ ಸುತ್ತ ಕಟ್ಟಿದ್ದ ವ್ಯವಸ್ಥೆಯನ್ನು ಗಮನಿಸಬೇಕು. ಅದೇ ವರ್ಷ ಆರೂ ರಾಜ್ಯಗಳ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗ್ಗೆ 12 ದಿನಗಳ ತರಬೇತಿ ಕೊಟ್ಟರು. ಅದರಲ್ಲಿ ಟಿ.ವಿ. ಒಂದು ಭಾಗ ಮಾತ್ರ. ಜೊತೆಗೆ ರೇಡಿಯೋ ಇತ್ತು, ಅಚ್ಚಾದ ಕೈಪಿಡಿ ಇತ್ತು, ಕೈಯಾರೆ ಮಾಡಿ ನೋಡುವ ಚಟುವಟಿಕೆಗಳಿದ್ದವು. ಉಪಗ್ರಹ ಕಳಿಸಿದ್ದನ್ನು ಹಿಡಿದು ಮಗುವಿಗೆ ದಾಟಿಸುವ ಆಸಾಮಿ ಊರಲ್ಲೇ ಇರಬೇಕು, ಅವನು ಮೇಷ್ಟ್ರೇ ಆಗಿರಬೇಕು ಎಂಬುದು ಅದನ್ನು ರೂಪಿಸಿದವರಿಗೆ ಸ್ಪಷ್ಟವಾಗಿತ್ತು.

ಫಲ ಏನಾಯಿತು? ವರ್ಷ ಮುಗಿದ ಮೇಲೆ ನಡೆದ ಮೌಲ್ಯಮಾಪನ ಟಿ.ವಿ. ಪ್ರಿಯರಿಗೆ ಅಷ್ಟೇನೂ ಹಿತವಾದದ್ದಲ್ಲ. ಶಾಲೆಗೆ ಸೇರುವ, ಶಾಲೆ ಬಿಡುವ ಮಕ್ಕಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಯ ಅಂಕಗಳೂ ಜಿಗಿಯಲಿಲ್ಲ. ಏರಿಕೆ ಕಂಡದ್ದು ಮಕ್ಕಳ ಭಾಷೆಯಲ್ಲಿ, ಮತ್ತು ಹೊಸ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹುಡುಕಿ ತಿಳಿಯಬೇಕು ಎಂಬ ಹಂಬಲದಲ್ಲಿ. ನನಗೆ ಇದು ಸೋಲಾಗಿ ಕಾಣುವುದಿಲ್ಲ. ಮಗು ಕೇಳತೊಡಗಿತು ಎಂದರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ, ಕೇಳಿದ್ದನ್ನು ಕೇಳಿಸಿಕೊಳ್ಳುವವರು ಬೇಕಿತ್ತು. 1976ರ ಆಗಸ್ಟ್‌ನಲ್ಲಿ ಉಪಗ್ರಹವನ್ನು ಹಿಂದಕ್ಕೆ ಕೊಟ್ಟದ್ದಾಯಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಶಿಕ್ಷಕರ ತರಬೇತಿ ಮಾತ್ರ ಆ ಹುರುಪಿನಲ್ಲಿ ಮತ್ತೆ ನಡೆಯಲಿಲ್ಲ.

ಪೋಸ್ಟ್ ಕಾರ್ಡಿಗೆ ಉತ್ತರ

ಯಶ್ ಪಾಲ್ ಮನೆಮಾತಾದದ್ದು 1990ರ ದಶಕದ ಆರಂಭದ ‘ಟರ್ನಿಂಗ್ ಪಾಯಿಂಟ್’ ಕಾರ್ಯಕ್ರಮದಿಂದ. ಅದರ ನಿರೂಪಕರು ನಮ್ಮ ಗಿರೀಶ ಕಾರ್ನಾಡರು. ಕನ್ನಡದ ದೊಡ್ಡ ನಾಟಕಕಾರ ದೇಶಕ್ಕೆಲ್ಲ ವಿಜ್ಞಾನ ಪರಿಚಯಿಸುತ್ತಿದ್ದರೂ ಕಾರ್ಯಕ್ರಮ ಕನ್ನಡದಲ್ಲಿರಲಿಲ್ಲ ಎಂಬುದು ನನಗೆ ಈಗಲೂ ಚುಚ್ಚುವ ಸಂಗತಿ. ಅದಿರಲಿ. ಅದರಲ್ಲಿ ವೀಕ್ಷಕರು ಬರೆದು ಕಳಿಸಿದ ಪ್ರಶ್ನೆಗಳಿಗೆ ಯಶ್ ಪಾಲ್ ಉತ್ತರಿಸುತ್ತಿದ್ದರು. ಆಕಾಶ ಏಕೆ ನೀಲಿ, ನಾವು ನಡೆದರೆ ಚಂದ್ರ ನಮ್ಮ ಜೊತೆಗೇ ಬರುವುದೇಕೆ ಎಂಬ ಜಾತಿಯ, ಮನೆಯಲ್ಲಿ ಕೇಳಿದರೆ ‘ಸುಮ್ನ ಕುಂದರು’ ಎಂದು ಬೈಸಿಕೊಳ್ಳುವಂಥ ಪ್ರಶ್ನೆಗಳು.

ಅವರ ಉತ್ತರಗಳು ಪಠ್ಯಪುಸ್ತಕದ ವ್ಯಾಖ್ಯೆಗಳಂತೆ ಇರುತ್ತಿರಲಿಲ್ಲ. ಪ್ರಶ್ನೆಯನ್ನು ಮೊದಲು ಅತ್ತಿತ್ತ ಹೊರಳಿಸಿ, ಅದು ಯಾಕೆ ಒಳ್ಳೆಯ ಪ್ರಶ್ನೆ ಎಂದು ತಾವೇ ಸವಿದು, ಆಮೇಲೆ ಉತ್ತರದ ಕಡೆಗೆ ನಡೆಯುತ್ತಿದ್ದರು. ಒಂದು ಮಗುವಿನ ಪ್ರಶ್ನೆಗೆ ದೊಡ್ಡ ವಿಜ್ಞಾನಿ ಇಡೀ ದೇಶದ ಮುಂದೆ ಗೌರವ ಕೊಟ್ಟ ಎಂಬುದೇ ನೋಡುತ್ತಿದ್ದ ಉಳಿದ ಮಕ್ಕಳಿಗೆ ಸಿಕ್ಕ ಪಾಠ. ಆಕಾಶವನ್ನು ನೀಲಿಯಾಗಿಸುವ ಬೆಳಕಿನ ರೇಲೀ ಚದುರುವಿಕೆ ಅರ್ಥವಾಯಿತೋ ಬಿಟ್ಟಿತೋ, ಕೇಳಬಹುದು ಎಂಬುದಂತೂ ಅರ್ಥವಾಯಿತು.

1993ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ಕೇಂದ್ರ ಸರ್ಕಾರಕ್ಕೆ ಕೊಟ್ಟ ‘ಹೊರೆಯಿಲ್ಲದ ಕಲಿಕೆ’ ವರದಿಯೂ ಇದೇ ಮನೋಭಾವದ್ದು. ಶಾಲಾ ಚೀಲದ ಭಾರಕ್ಕಿಂತ, ಅರ್ಥವಾಗದ್ದನ್ನು ಹೊತ್ತು ತಿರುಗುವ ಭಾರ ಕೆಟ್ಟದ್ದು ಎಂಬುದು ಅದರ ತಿರುಳು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶನ ಸಮಿತಿಗೂ ಅವರೇ ಅಧ್ಯಕ್ಷರು. ಪರದೆಯ ಮೇಲಿನ ಜನಪ್ರಿಯತೆಯನ್ನು ಅವರು ಪರದೆಯಲ್ಲೇ ಖರ್ಚು ಮಾಡಲಿಲ್ಲ, ತರಗತಿಯ ಕಡೆಗೆ ತಿರುಗಿಸಿದರು. 2017ರ ಜುಲೈಯಲ್ಲಿ ಅವರು ತೀರಿಕೊಂಡಾಗ ಬಂದ ಎಷ್ಟೋ ಶ್ರದ್ಧಾಂಜಲಿ ಬರಹಗಳ ಧಾಟಿ ಒಂದೇ: ನಾನು ವಿಜ್ಞಾನ ಓದಲು ಇವರೇ ಕಾರಣ.

ಇಂಥ ಮಾತುಗಳನ್ನು ಪೂರ್ತಿ ನಂಬುವುದು ಕಷ್ಟ, ಅನುಮಾನಿಸುವುದೂ ಕಷ್ಟ. ವಿಜ್ಞಾನಿಯಾದವರು ಹಿಂತಿರುಗಿ ನೋಡಿ ಟಿ.ವಿ. ಮೇಷ್ಟ್ರನ್ನು ನೆನೆಯುತ್ತಾರೆ, ಅದೇ ಕಾರ್ಯಕ್ರಮ ನೋಡಿ ಮರುವರ್ಷ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋದ ಮಗುವಿನ ಶ್ರದ್ಧಾಂಜಲಿಯನ್ನು ಯಾರೂ ಅಚ್ಚು ಹಾಕುವುದಿಲ್ಲ. ರಾಯಚೂರು, ಕೊಪ್ಪಳದಿಂದ ಕುಟುಂಬಗಳು ಬೆಂಗಳೂರಿಗೆ ಗುಳೆ ಹೊರಡುವುದು ಇಂದಿಗೂ ನಿಂತಿಲ್ಲ. ಆಸಕ್ತಿ ಇದ್ದೂ ಕೈಬಿಟ್ಟವರ ಲೆಕ್ಕ ಈ ಪ್ರಭಾವದ ಕಥೆಗಳಲ್ಲಿ ಬರುವುದೇ ಇಲ್ಲ.

ಹೊರದೇಶದ ಅನುಭವವೂ ಇದನ್ನೇ ಬೇರೆ ದಿಕ್ಕಿನಿಂದ ಹೇಳುತ್ತದೆ. ಅಮೆರಿಕದಲ್ಲಿ ಡಾನ್ ಹರ್ಬರ್ಟ್ ಎಂಬವರು 1951ರಿಂದ 1965ರವರೆಗೆ ‘ಮಿಸ್ಟರ್ ವಿಜರ್ಡ್’ ಆಗಿ ಮನೆಯ ಲೋಟ, ಬಾಟಲಿ, ಮೇಣದಬತ್ತಿಗಳಲ್ಲಿ ಪ್ರಯೋಗ ತೋರಿಸಿದರು. ಪಕ್ಕದ ಮನೆಯ ಹುಡುಗನೋ ಹುಡುಗಿಯೋ ಜೊತೆಗಿರುತ್ತಿದ್ದರು. ಆ ಕಾರ್ಯಕ್ರಮದ ಹೆಸರಿನಲ್ಲಿ 50ರ ದಶಕದ ನಡುವಿಗೇ ಸುಮಾರು 5,000 ವಿಜ್ಞಾನ ಸಂಘಗಳು ಹುಟ್ಟಿಕೊಂಡಿದ್ದವು. 1993ರಿಂದ 98ರವರೆಗೆ ಮಕ್ಕಳ ವಿಜ್ಞಾನ ಕಾರ್ಯಕ್ರಮದ ನೂರು ಕಂತು ಮಾಡಿದ ಬಿಲ್ ನೈ ಬೋಯಿಂಗ್ ಕಂಪನಿಯ ಎಂಜಿನಿಯರ್ ಆಗಿದ್ದವರು; ಅವರ ಕಂತುಗಳನ್ನು ಅಲ್ಲಿನ ಶಿಕ್ಷಕರು ತರಗತಿಯಲ್ಲೇ ಹಾಕಿ ತೋರಿಸುತ್ತಿದ್ದರು. ಎರಡೂ ಕಡೆ ಪರದೆಯಿಂದ ಹೊರಗೆ ಇಳಿಯಲು ಮೆಟ್ಟಿಲಿತ್ತು. ನಮ್ಮಲ್ಲಿಯೂ ಆ ಮೆಟ್ಟಿಲು ಇಲ್ಲದಿಲ್ಲ: ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ದಶಕಗಳಿಂದ ‘ಬಾಲ ವಿಜ್ಞಾನ’ ಪತ್ರಿಕೆ ತರುತ್ತಿದೆ, ಮಕ್ಕಳ ವಿಜ್ಞಾನ ಸಮಾವೇಶಗಳಿಗೆ ಜಿಲ್ಲೆ ಜಿಲ್ಲೆಯಲ್ಲಿ ಮಕ್ಕಳನ್ನು ಸೇರಿಸಿದೆ. ಆದರೆ ಪತ್ರಿಕೆ ಒಂದು ಕಡೆ, ಟಿ.ವಿ. ಒಂದು ಕಡೆ. ಒಂದರ ಕೈ ಇನ್ನೊಂದಕ್ಕೆ ಎಟುಕಲಿಲ್ಲ.

ಈಗ ಪರದೆಯಲ್ಲಿ ಯಾರಿದ್ದಾರೆ

2020ರಲ್ಲಿ ಕೊರೊನಾ ಶಾಲೆಗಳನ್ನು ಮುಚ್ಚಿಸಿದಾಗ ಸರ್ಕಾರಕ್ಕೆ ನೆನಪಾದದ್ದು ಮತ್ತೆ ಟಿ.ವಿ.ಯೇ. ದೂರದರ್ಶನದ ಚಂದನ ವಾಹಿನಿಯಲ್ಲಿ ಮೊದಲು ಸೇತುಬಂಧ, ಆಮೇಲೆ ಸಂವೇದ ಪಾಠಗಳು ಬಂದವು. ಆ ಶಿಕ್ಷಕರ ಶ್ರಮವನ್ನು ಕಡೆಗಣಿಸಲಾಗದು. ಮೊಬೈಲ್ ಡೇಟಾ ಇಲ್ಲದ ಮನೆಗಳಿಗೆ ಅದೊಂದೇ ಶಾಲೆಯಾಗಿತ್ತು. ಆದರೂ ಅದು ಕಪ್ಪುಹಲಗೆಯ ಪಾಠವನ್ನು ಕ್ಯಾಮೆರಾ ಮುಂದೆ ಇಟ್ಟದ್ದು. ಮಗು ಕೇಳಲು ಅಲ್ಲಿ ಜಾಗವಿರಲಿಲ್ಲ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಇಸ್ರೋದ ಯೂಟ್ಯೂಬ್ ನೇರಪ್ರಸಾರದಲ್ಲಿ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ನಮ್ಮ ಶಾಲೆಗಳಲ್ಲೂ ಮಕ್ಕಳನ್ನು ಕೂಡಿಸಿ ತೋರಿಸಿದರು, ಚಪ್ಪಾಳೆ, ಜೈಕಾರ ಎಲ್ಲ ಆಯಿತು. ಚಂದ್ರನಲ್ಲಿ ಗಾಳಿಯೇ ಇಲ್ಲ ಅಂದಮೇಲೆ ಪ್ಯಾರಾಚೂಟ್ ಬಿಚ್ಚಿ ಇಳಿಯುವ ಹಾಗಿಲ್ಲ, ಅದಕ್ಕೇ ಎಂಜಿನ್ ಉರಿಸಿ ವೇಗ ತಗ್ಗಿಸಬೇಕು ಎಂಬ ಒಂದು ಮಾತನ್ನು ಮರುದಿನ ಎಷ್ಟು ತರಗತಿಗಳಲ್ಲಿ ಆಡಿರಬಹುದು? ಹೆಮ್ಮೆ ಮಕ್ಕಳನ್ನು ಪರದೆಯ ಮುಂದೆ ಕೂಡಿಸುತ್ತದೆ ನಿಜ. ಎದ್ದ ಮೇಲೆ ಅವರ ಕೈಗೆ ಏನು ಕೊಡಬೇಕು ಎಂಬುದು ಬೇರೆ ಕೆಲಸ.

ಉಳಿದಂತೆ ಈಗ ಬಳ್ಳಾರಿ, ರಾಯಚೂರಿನ ಹೈಸ್ಕೂಲು ಮುಗಿಸಿದ ಹುಡುಗರಿಗೆ ಪರದೆಯ ಮೇಲೆ ಕಾಣುವ ವಿಜ್ಞಾನದ ಮುಖ ಕೋಚಿಂಗ್ ಮೇಷ್ಟ್ರದು. ಊರ ಹೆಬ್ಬಾಗಿಲಲ್ಲಿ ಫ್ಲೆಕ್ಸ್, ಫ್ಲೆಕ್ಸಿನಲ್ಲಿ ರ‍್ಯಾಂಕ್. ನಾಲ್ಕು ಆಯ್ಕೆಗಳಲ್ಲಿ ಮೂರನ್ನು ಇಪ್ಪತ್ತು ಸೆಕೆಂಡಿನಲ್ಲಿ ಹೊಡೆದುಹಾಕುವ ಚಾತುರ್ಯವನ್ನು ಅವರು ಅಮೋಘವಾಗಿ ಕಲಿಸುತ್ತಾರೆ. ಅದೂ ಒಂದು ವಿದ್ಯೆಯೇ; ನೀಟ್ ಬರೆಯುವವರಿಗೆ ಬೇಕು. ಆದರೆ ‘ಸೈನ್ಸ್ ತಗೊಂಡಾನ’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಡಾಕ್ಟರ್ ಇಲ್ಲವೇ ಎಂಜಿನಿಯರ್ ಎಂಬ ಎರಡೇ ಅರ್ಥ ಉಳಿದಿವೆ. ಫೀಸು ಕಟ್ಟಲಾಗದ ಮನೆಯ ಹುಡುಗಿ ಹತ್ತನೇ ತರಗತಿಗೇ ‘ಸೈನ್ಸ್ ನನಗಲ್ಲ’ ಎಂದು ತೀರ್ಮಾನಿಸಿಬಿಟ್ಟಿರುತ್ತಾಳೆ. ಯಶ್ ಪಾಲ್ ಮಾದರಿಯ ಟಿ.ವಿ. ಮೇಷ್ಟ್ರಿಗೆ ಯಾವ ಮಗುವಿನಿಂದಲೂ ಫೀಸು ಬೇಕಿರಲಿಲ್ಲ, ಯಾವ ಮಗುವಿನ ರ‍್ಯಾಂಕೂ ಬೇಕಿರಲಿಲ್ಲ.

ಮೊಬೈಲಿನಲ್ಲಿ ಕನ್ನಡದ ಒಳ್ಳೆಯ ವಿಜ್ಞಾನ ವಿಡಿಯೋಗಳು ಈಗ ಸಾಕಷ್ಟಿವೆ, ಒಪ್ಪಬೇಕು. ಹಿಂದಿನವರಿಗೆ ಇಲ್ಲದ ಅದೃಷ್ಟ ಅದು. ತೊಡಕು ಎರಡು ಕಡೆ ಇದೆ. ಪಡಸಾಲೆಯಲ್ಲಿದ್ದ ಟಿ.ವಿ.ಯನ್ನು ಮನೆಮಂದಿಯೆಲ್ಲ ಸೇರಿ ನೋಡುತ್ತಿದ್ದರು, ಅಜ್ಜಿ ಒಂದು ಮಾತು ಎತ್ತಿದರೆ ಮೊಮ್ಮಗ ಇನ್ನೊಂದು ಎತ್ತುತ್ತಿದ್ದ. ಮೊಬೈಲ್ ಒಬ್ಬರ ಕೈಯಲ್ಲಿರುತ್ತದೆ, ಹಳ್ಳಿಯ ಮನೆಗಳಲ್ಲಿ ಆ ಕೈ ಬಹುಮಟ್ಟಿಗೆ ಅಣ್ಣನದು, ತಂಗಿಯದಲ್ಲ. ಇನ್ನೊಂದು, ಬೆರಳು ಒಮ್ಮೆ ಮೇಲಕ್ಕೆ ಸರಿಸಿದರೆ ಕಪ್ಪುರಂಧ್ರ ಹೋಗಿ ಕ್ರಿಕೆಟ್ ಬರುತ್ತದೆ. ಪ್ರಶ್ನೆ ಹುಟ್ಟಿ ಬಲಿಯುವಷ್ಟು ಪುರುಸೊತ್ತು ಅಲ್ಲಿಲ್ಲ.

ಮಾಡದೇ ಉಳಿದ ಒಂದು ಕಾರ್ಯಕ್ರಮ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ಕಡಿದು ಕೊಚ್ಚಿಹೋಯಿತು. ಒಂದು ವಾರ ಕೊಪ್ಪಳ, ಬಳ್ಳಾರಿ, ರಾಯಚೂರಿನ ಪ್ರತಿ ಮನೆಯಲ್ಲೂ ಅದೇ ಮಾತು, ಪ್ರತಿ ವಾಹಿನಿಯಲ್ಲೂ ಅದೇ ದೃಶ್ಯ. ನೀರು ಖಾಲಿಯಾದರೆ ಭತ್ತದ ಗತಿ ಏನು ಎಂಬ ಚಿಂತೆ ರೈತರಿಗೆ. ಕೊನೆಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಅಡ್ಡಹಲಗೆ) ಇಳಿಸಿತು. ವಿಜ್ಞಾನ ಕಲಿಸಲು ಇದಕ್ಕಿಂತ ಒಳ್ಳೆಯ ವಾರ ನಮ್ಮ ಭಾಗಕ್ಕೆ ಯಾವತ್ತೂ ಬಂದಿರಲಿಲ್ಲ. ವಾಹಿನಿಗಳಲ್ಲಿ ನಡೆದದ್ದು ಯಾರ ಬೇಜವಾಬ್ದಾರಿ ಎಂಬ ಜಗಳ ಮಾತ್ರ. ಆ ಪ್ರಶ್ನೆಯೂ ಬೇಕಾದದ್ದೇ, ಆದರೆ ಅಷ್ಟೇ ಸಾಕಿತ್ತೇ?

ಆ ಅಣೆಕಟ್ಟಿಗೆ 33 ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ನೀರು ಗೇಟಿನ ತುದಿವರೆಗೆ ನಿಂತಾಗ ಒಂದು ಗೇಟಿನ ಮೇಲೆ ಬೀಳುವ ಬಲ ಎಷ್ಟು? ಒಂಬತ್ತನೇ ತರಗತಿಯ ಗಣಿತ ಸಾಕು: ಮೇಲ್ತುದಿಯಲ್ಲಿ ಒತ್ತಡ ಸೊನ್ನೆ, ಬುಡದಲ್ಲಿ 6.1 ಮೀಟರ್ ನೀರಿನಷ್ಟು, ಸರಾಸರಿ ಅದರ ಅರ್ಧ. ಗೇಟಿನ ವಿಸ್ತೀರ್ಣದಿಂದ ಗುಣಿಸಿದರೆ ಸುಮಾರು 340 ಟನ್ ತೂಕಕ್ಕೆ ಸಮ. ಸೋಜಿಗ ಇರುವುದು ಮುಂದೆ. ಹಿಂದೆ ನಿಂತ ನೀರು ಮೈಲಿಗಟ್ಟಲೆ ಹಬ್ಬಿರಲಿ, ಹತ್ತೇ ಮೀಟರ್ ಇರಲಿ, ಆಳ ಅಷ್ಟೇ ಇದ್ದರೆ ಈ 340 ಟನ್ ಬದಲಾಗುವುದಿಲ್ಲ. ಒತ್ತಡ ಕೇಳುವುದು ಆಳವನ್ನು, ಹರವನ್ನಲ್ಲ. ನೀರಿನ ಮಟ್ಟ ಇಳಿಸಿದರೆ ದುರಸ್ತಿ ಸುಲಭ ಎಂದು ಎಂಜಿನಿಯರುಗಳು ಹೇಳಿದ್ದರ ಗುಟ್ಟು ಇದೇ. ಟಿ.ವಿ.ಯವರು ದಿನಕ್ಕೆ ನೂರು ಸಲ ‘ಟಿಎಂಸಿ’ ಎಂದರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್ ಎಂದು ಒಮ್ಮೆ ಬಿಡಿಸಿ ಹೇಳಿದವರನ್ನು ನಾನು ಕಾಣಲಿಲ್ಲ.

ಒಬ್ಬ ಟಿ.ವಿ. ಮೇಷ್ಟ್ರು ಅವತ್ತು ಮುನಿರಾಬಾದಿನ ದಂಡೆಯಲ್ಲಿ ನಿಂತು, ಒಂದು ನೀರಿನ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಕೊರೆದು ತೋರಿಸಿದ್ದರೆ? ಪುಸ್ತಕದ ಚಿತ್ರಗಳಲ್ಲಿ ಸಾಮಾನ್ಯವಾಗಿ ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಚಿಮ್ಮಿ ಬೀಳುತ್ತದೆ. ಮಗು ಮನೆಯಲ್ಲಿ ಅದೇ ಬಾಟಲಿಯನ್ನು ನೆಲದ ಮೇಲಿಟ್ಟು ಮಾಡಿದರೆ ದೂರ ಹೋಗುವುದು ನಡುವಿನ ತೂತಿನ ನೀರು! ಕೆಳಗಿನದು ಹೆಚ್ಚು ರಭಸದಿಂದಲೇ ಹೊರಡುತ್ತದೆ, ಆದರೆ ದೂರ ಹೋಗುವ ಮೊದಲೇ ನೆಲ ಮುಟ್ಟಿಬಿಡುತ್ತದೆ. ಬಾಟಲಿಯನ್ನು ಎತ್ತರದ ಕಟ್ಟೆಯ ಮೇಲಿಟ್ಟರೆ ಪುಸ್ತಕದ ಚಿತ್ರ ನಿಜವಾಗುತ್ತದೆ. ಟಿ.ವಿ.ಯಲ್ಲಿ ನೋಡಿ ಬಿಟ್ಟ ಮಗುವಿಗೆ ಈ ಗೊಂದಲ ಬರುವುದೇ ಇಲ್ಲ, ಅಂಗಳ ಒದ್ದೆ ಮಾಡಿಕೊಂಡ ಮಗುವಿಗೆ ಬರುತ್ತದೆ. ಆ ಗೊಂದಲವನ್ನು ಮರುದಿನ ಯಾರ ಹತ್ತಿರ ಒಯ್ಯಬೇಕು?

ಇದಕ್ಕೆ ಉತ್ತರ ಇರುವ ಶಾಲೆಗಳೂ ಇವೆ. ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರು ಗ್ರಹಣವೂ ಇಲ್ಲದ, ಅಮಾವಾಸ್ಯೆಯೂ ಇಲ್ಲದ ಒಂದು ದಿನ ಮನೆಯಿಂದ ಒನಕೆ ತಂದರು. ಟಿ.ವಿ.ಯಲ್ಲಿ ಒನಕೆ ನಿಂತದ್ದನ್ನು ತರಗತಿಯ ಎಲ್ಲರೂ ನೋಡಿದ್ದರು. ತಾಟಿನಲ್ಲಿ ನೀರು ಹಾಕಿ, ಒನಕೆಯನ್ನು ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಅತ್ತಿತ್ತ ಮಾಡಿ ಮೆಲ್ಲಗೆ ಬಿಟ್ಟರು. ನಿಂತಿತು. ಹುಡುಗರು ಹೋ ಎಂದರು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. “ಸರ, ನೀರ ಇಲ್ದಿದ್ರ ನಿಂದರತದೇನ್ರೀ?”

“ನನಗೇನ್ ಕೇಳ್ತಿಯವ್ವಾ, ನೀರ ಚೆಲ್ಲಿ ನೋಡು.”

ಒಣ ನೆಲದ ಮೇಲೂ ನಿಂತಿತು. ಆಗ ಇನ್ನೊಬ್ಬ, “ನಮ್ಮನ್ಯಾಗಿನ ಒನಕಿ ಹ್ಯಾಂಗ್ ಮಾಡಿದ್ರೂ ನಿಂದರಂಗಿಲ್ರೀ” ಎಂದ. ಮೇಷ್ಟ್ರು ಅದನ್ನೂ ತರಿಸಿದರು. ಎರಡನ್ನೂ ಮಲಗಿಸಿ ಬುಡ ನೋಡಿದರೆ, ನಿಂತ ಒನಕೆಯ ತುದಿಯ ಕಬ್ಬಿಣದ ಬಳೆ ಸಪಾಟಾಗಿತ್ತು, ನಿಲ್ಲದ್ದರ ಬುಡ ಸವೆದು ಗುಂಡಗಾಗಿತ್ತು. ಗುರುತ್ವಕೇಂದ್ರದಿಂದ ಇಳಿಸಿದ ಗೆರೆ ಬುಡದ ಒಳಗೆ ಬಿದ್ದರೆ ವಸ್ತು ನಿಲ್ಲುತ್ತದೆ ಎಂಬ ವಾಕ್ಯವನ್ನು ಆಮೇಲೆ ಹಲಗೆಯ ಮೇಲೆ ಬರೆದರು. ಅಷ್ಟು ಹೊತ್ತಿಗೆ ಆ ವಾಕ್ಯ ಮಕ್ಕಳಿಗೆ ಬೇಕಾಗಿತ್ತು. ಹುಡುಗಿ ಮನೆಗೆ ಹೋಗಿ ಅಜ್ಜಿಯ ಮುಂದೆ ಒನಕೆ ನಿಲ್ಲಿಸಿ ತೋರಿಸಿದಳಂತೆ. ಅಜ್ಜಿ ಜಪ್ಪಯ್ಯ ಅನ್ನಲಿಲ್ಲ. “ಗ್ರಾಣದಾಗ ಅದರಷ್ಟಕ್ಕ ಅದಾ ನಿಂದರತದ, ನೀ ನಿಂದರಿಸಿದಿ” ಎಂದಳಂತೆ. ವಾದ ಮಾಡಲು ಇದು ಕೆಟ್ಟ ಮಾತೇನಲ್ಲ. ಗ್ರಹಣದ ದಿನವೂ ಯಾರೋ ನಿಲ್ಲಿಸಿಯೇ ಇರುತ್ತಾರಲ್ಲ ಎಂದು ಹುಡುಗಿ ಮರುದಿನ ಮೇಷ್ಟ್ರ ಬಳಿ ಹೇಳಿಕೊಂಡಿದ್ದಳು.

ಪರದೆಗೆ ಆಗದ ಕೆಲಸ ಇದು. ‘ನೀರು ಇಲ್ಲದಿದ್ದರೆ?’ ಎಂಬ ಪ್ರಶ್ನೆ ಬಂದದ್ದು ಒನಕೆ ಕೈಗೆ ಸಿಕ್ಕ ಮೇಲೆ. ಆದರೆ ಆ ಮೇಷ್ಟ್ರಿಗೆ ಒನಕೆ ತರಬೇಕು ಅನ್ನಿಸಿದ್ದು ಎಲ್ಲಿಂದ ಎಂದು ಕೇಳಿದರೆ ಉತ್ತರ ಪರದೆಯ ಕಡೆಗೇ ಹೋಗುತ್ತದೆ. ಹುಲಿಕಲ್ ನಟರಾಜ್ ಅವರಂಥವರು ಊರೂರಿನಲ್ಲಿ, ವಾಹಿನಿಗಳಲ್ಲಿ ಪವಾಡಗಳ ಗುಟ್ಟು ಬಿಚ್ಚಿಟ್ಟದ್ದನ್ನು ಅವರು ಹುಡುಗನಾಗಿದ್ದಾಗ ನೋಡಿದ್ದರು. ಟಿ.ವಿ. ಮೇಷ್ಟ್ರ ಪ್ರಭಾವ ಒಂದು ತಲೆಮಾರು ತಡವಾಗಿ, ಇನ್ನೊಬ್ಬ ಮೇಷ್ಟ್ರ ಮೂಲಕ ಮಗುವಿಗೆ ತಲುಪಿದ ಬಗೆ ಇದು. ಮಗುವನ್ನೇ ನೇರವಾಗಿ ಅಳೆಯುವ ಸಮೀಕ್ಷೆಗಳು ಈ ದಾರಿಯನ್ನು ಹಿಡಿಯಲಾರವು. ನನ್ನ ಅಂದಾಜಿನಲ್ಲಿ ಈ ಭಾಗದಲ್ಲಿ ಒಳ್ಳೆಯ ಕಾರ್ಯಕ್ರಮದ ದೊಡ್ಡ ಫಲಾನುಭವಿ ಶಿಕ್ಷಕನೇ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಕಾಯಂ ಹುದ್ದೆ ಖಾಲಿ, ಅತಿಥಿ ಶಿಕ್ಷಕರಿಗೆ ತಿಂಗಳ ಗೌರವಧನದ್ದೇ ಚಿಂತೆ, ಪ್ರಯೋಗಾಲಯದ ಬೀರುವಿಗೆ ಬೀಗ, ಬೀಗದ ಕೈ ಎಲ್ಲಿದೆಯೋ. ಇಂಥಲ್ಲಿ ‘ಸ್ಮಾರ್ಟ್ ಕ್ಲಾಸ್’ ಎಂದು ಗೋಡೆಗೆ ಇನ್ನೊಂದು ಪರದೆ ತೂಗುಹಾಕಿ ಕೈತೊಳೆದುಕೊಳ್ಳುವುದು ಸುಲಭ. 1975ರಲ್ಲಿ ಪರದೆ ಕೊಟ್ಟವರು ಶಿಕ್ಷಕರನ್ನೂ ಸಜ್ಜುಗೊಳಿಸಿದ್ದರು.

ಹಾಗಾದರೆ ಕನ್ನಡಕ್ಕೆ ಒಬ್ಬ ಯಶ್ ಪಾಲ್ ಬೇಕೇ? ಬೇಕು. ಅವರು ಬೆಂಗಳೂರಿನ ಸ್ಟುಡಿಯೋ ಕನ್ನಡದಲ್ಲಿ ಮಾತಾಡಿದರೂ ಪರವಾಗಿಲ್ಲ, ಉದಾಹರಣೆ ಮಾತ್ರ ನಮ್ಮ ನೆಲದವು ಆಗಲಿ. ಸಂಡೂರಿನ ಮಣ್ಣು ಯಾಕೆ ಕೆಂಪು, ಸಂಗನಕಲ್ಲು-ಕುಪಗಲ್ಲಿನ ಗುಡ್ಡದ ಕರಿಬಂಡೆ ಬಡಿದರೆ ಗಂಟೆಯ ನಾದ ಯಾಕೆ ಬರುತ್ತದೆ, ಹಟ್ಟಿಯಲ್ಲಿ ಬಂಡೆಯಿಂದ ಚಿನ್ನ ಬಿಡಿಸುವುದು ಹೇಗೆ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಅಷ್ಟು ಎತ್ತರ ಯಾಕೆ, ಕೊಪ್ಪಳದ ಸುತ್ತಲಿನ ಕಾರ್ಖಾನೆಗಳ ಕರಿಧೂಳು ಮನೆಯ ಮಾಳಿಗೆಯ ಮೇಲೆ ಒಂದು ರಾತ್ರಿಯಲ್ಲಿ ಎಷ್ಟು ಕೂರುತ್ತದೆ. ಕೊನೆಯದನ್ನು ಮಕ್ಕಳೇ ಬಿಳಿ ಹಾಳೆಗೆ ಎಣ್ಣೆ ಸವರಿ ಇಟ್ಟು ಅಳೆಯಬಹುದು. ಕಾರ್ಖಾನೆ ವಿಸ್ತರಣೆಯ ವಿರುದ್ಧ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆದ ಊರಿನ ಮಕ್ಕಳಿಗೆ ಇದು ನೀರಸ ವಿಷಯವಾಗಲು ಸಾಧ್ಯವಿಲ್ಲ. ಇಂಥ ಕಾರ್ಯಕ್ರಮಕ್ಕೆ ಯಾವ ವಾಹಿನಿ ಜಾಹೀರಾತು ತರುತ್ತದೆ ಎಂಬುದು ಬೇರೆ ಮಾತು. ಚಂದನಕ್ಕೆ ಆ ನೆಪವೂ ಇಲ್ಲ.

ಒಂದು ದಿನಾಂಕವಂತೂ ಕೈಯಲ್ಲಿದೆ. 2027ರ ಆಗಸ್ಟ್ 2ರಂದು ಈಜಿಪ್ಟಿನಲ್ಲಿ ಖಗ್ರಾಸವಾಗುವ ಸೂರ್ಯಗ್ರಹಣ ನಮ್ಮಲ್ಲಿ ಸಂಜೆಯ ಹೊತ್ತಿಗೆ ಭಾಗಶಃ ಕಾಣುತ್ತದೆ. ಅಂದು ಸೋಮವಾರ. 1980ರ ಗ್ರಹಣದಲ್ಲಿ ಚಂದ್ರನ ಪೂರ್ಣ ನೆರಳು ರಾಯಚೂರಿನ ಮೇಲೇ ಹಾದುಹೋಗಿತ್ತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದರ್ಶಕ ಹೂಡಿ ಕೂತಿದ್ದಾಗ ಸುತ್ತಲ ಊರುಗಳಲ್ಲಿ ಬಾಗಿಲು ಹಾಕಿಕೊಂಡವರೇ ಹೆಚ್ಚು. ಈ ಸಲದ್ದು ಅಷ್ಟು ದೊಡ್ಡ ಗ್ರಹಣವಲ್ಲ, ಆದರೆ ಶಾಲೆಗೆ ಅಷ್ಟು ಸಾಕು. ಶಾಲೆಯ ಅಂಗಳದಲ್ಲಿ ಬೇವಿನ ಮರವಿದ್ದರೆ, ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬೆಳಕಿನ ಚುಕ್ಕೆಗಳೆಲ್ಲ ಅಂದು ಅಂಚು ಕಚ್ಚಿದಂತೆ ಕಾಣುತ್ತವೆ; ರಟ್ಟಿಗೆ ಸೂಜಿಯಿಂದ ಚುಚ್ಚಿದ ತೂತೂ ಅದನ್ನೇ ತೋರಿಸುತ್ತದೆ. ಸೂರ್ಯನನ್ನೇ ನೋಡಬೇಕೆಂದರೆ ಪ್ರಮಾಣಿತ ಗ್ರಹಣ ಕನ್ನಡಕವೇ ಬೇಕು, ಎಕ್ಸ್‌ರೇ ಹಾಳೆ, ತಂಪು ಕನ್ನಡಕ ನಡೆಯುವುದಿಲ್ಲ. ಮೂರೂ ಜಿಲ್ಲೆಗಳ ಶಾಲೆಗಳಿಗೆ ಕನ್ನಡಕ ಕೊಳ್ಳಲು, ಶಾಲೆಗೊಬ್ಬ ಶಿಕ್ಷಕರಿಗೆ ಒಂದು ದಿನದ ತರಬೇತಿ ಕೊಡಲು, ಚಂದನದಲ್ಲಿ ಒಂದು ಗಂಟೆಯ ನೇರಪ್ರಸಾರ ಗೊತ್ತು ಮಾಡಲು ಕಡತ ಓಡಾಡಬೇಕಾದದ್ದು ಅದಕ್ಕೂ ಹಿಂದಿನ ಬೇಸಿಗೆ ರಜೆಯೊಳಗೆ. ಜುಲೈ ಕೊನೆಯ ವಾರ ನೆನಪಾದರೆ ಇಲಾಖೆಗೆ ಹೊಳೆಯುವ ಸುತ್ತೋಲೆ ಒಂದೇ: ಮಕ್ಕಳನ್ನು ಬೇಗ ಮನೆಗೆ ಕಳಿಸಿ.